ಮರಕ್ಕೆ ತೊಡಿಸಿದ ಬೆಳಕಿನ ಸರ

ಉತ್ಸವದ ರಾತ್ರಿ ಅಶ್ವತ್ಥಕಟ್ಟೆಯ ಮರಕ್ಕೆ ಸೀರಿಯಲ್ ಸೆಟ್ ಸುತ್ತಿ ಬೆಳಗಿಸಿದಾಗ ಭಕ್ತಾದಿಗಳ ಕಣ್ಣು ತುಂಬುತ್ತದೆ. ಹಿರಿಯರು ಕಟ್ಟೆಯ ಮೇಲೆ ಹಣತೆ ಹಚ್ಚಿಡುತ್ತಿದ್ದರು. ಮರಕ್ಕೇ ವಿದ್ಯುದ್ದೀಪದ ಸರ ತೊಡಿಸುವ ರೂಢಿ ಕಡಲಾಚೆ ಹುಟ್ಟಿದ್ದು.

ಥಾಮಸ್ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಹಾಕಿಸಿದರು. ಆವರೆಗೆ ಅಲ್ಲಿ ಮರದ ಮೇಲೆ ಮೇಣದಬತ್ತಿ ಉರಿಸುತ್ತಿದ್ದರು. ಬೆಂಕಿಯ ಭಯ ತಪ್ಪಿದ್ದಲ್ಲ. 1923ರಲ್ಲಿ ವಾಷಿಂಗ್ಟನ್ ನಗರದ ಬಯಲಿನಲ್ಲಿ ನಿಲ್ಲಿಸಿದ 48 ಅಡಿ ಎತ್ತರದ ಮರದಲ್ಲಿ 2,500 ಬಲ್ಬುಗಳು ಬೆಳಗಿದವು. ಒಂದರ ಹಿಂದೊಂದು ಜೋಡಿಸಿದ ಹಳೆಯ ಸರಗಳಲ್ಲಿ ಒಂದು ಬಲ್ಬು ಸುಟ್ಟರೆ ಇಡೀ ಸರವೇ ಆರುತ್ತಿತ್ತು. ಇಂದಿನ ಎಲ್‌ಇಡಿ ದೀಪಗಳಿಗೆ ಬಿಸಿಯೂ ಕಡಿಮೆ, ವಿದ್ಯುತ್ ಖರ್ಚೂ ಕಡಿಮೆ.

ಆದರೆ ಒಂದು ಭೇದವನ್ನು ಮರೆಯಬಾರದು. ವಾಷಿಂಗ್ಟನ್ನಿನದು ಕಡಿದು ತಂದ ಮರ. ನಮ್ಮದು ನಾವು ಪ್ರದಕ್ಷಿಣೆ ಬರುವ ಜೀವಂತ ವೃಕ್ಷ. ಅದರ ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ. ಬಿಗಿದು ಬಿಟ್ಟ ತಂತಿ ತೊಗಟೆಯನ್ನು ಕೊರೆಯುತ್ತದೆ. ಕೊಂಬೆಯ ಹಕ್ಕಿಗಳಿಗೂ ಕತ್ತಲೆ ಬೇಕು. ಆದ್ದರಿಂದ ಮೊಳೆ ಹೊಡೆಯದೆ ಸಡಿಲವಾಗಿ ಸುತ್ತಿ, ಪೂಜೆ ಮುಗಿದ ಮೇಲೆ ದೀಪ ಆರಿಸಿ, ಉತ್ಸವ ಕಳೆದೊಡನೆ ಸರ ಬಿಚ್ಚೋಣ. ಅದೂ ವೃಕ್ಷಪೂಜೆಯೇ.