ಸರಪಳಿ ಗರಗಸದ ಮೂತಿ: ದೊಡ್ಡ ದಿಮ್ಮಿಗಳ ಕೊಯ್ತ ಮತ್ತು ಸುರಕ್ಷತೆಯ ಇತಿಹಾಸ

ಸರಪಳಿ ಗರಗಸದ ಚರಿತ್ರೆಯನ್ನು ಸಾಮಾನ್ಯವಾಗಿ ಅದರ ತೂಕ ಇಳಿದ ಕಥೆಯಾಗಿ ನಿರೂಪಿಸಲಾಗುತ್ತದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ತಯಾರಿಸಿದ ವಿದ್ಯುತ್ ಗರಗಸವು ಬಹಳ ಭಾರವಾಗಿತ್ತು. ಅದನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು. 1929ರಲ್ಲಿ ಪೆಟ್ರೋಲ್ ಎಂಜಿನ್ನಿನ ಗರಗಸ ಬಂದಿತು. 1950ರಲ್ಲಿ ಅದೇ ಸಂಸ್ಥೆ ಒಬ್ಬನೇ ನಿರ್ವಹಿಸಬಲ್ಲ 16 ಕಿ.ಗ್ರಾಂ. ತೂಕದ ಯಂತ್ರವನ್ನು ಹೊರತಂದಿತು. ಅಮೆರಿಕದ ಒರೆಗಾನ್ ರಾಜ್ಯದ ಮರಕಡಿಯುವ ಕೆಲಸಗಾರ ಜೋಸೆಫ್ ಬ್ಯುಫರ್ಡ್ ಕಾಕ್ಸ್, ಮರ ಕೊರೆಯುವ ದುಂಬಿಯ ಮರಿಹುಳುವಿನ ದವಡೆಯನ್ನು ಗಮನಿಸಿ, ಅದೇ ಮಾದರಿಯ ಹಲ್ಲುಗಳುಳ್ಳ ಸರಪಳಿಯನ್ನು 1947ರ ವೇಳೆಗೆ ಮಾರುಕಟ್ಟೆಗೆ ತಂದನು.

ಈ ನಿರೂಪಣೆಯಲ್ಲಿ ಬಿಟ್ಟುಹೋಗುವವನು ಎರಡನೆಯ ಆಳು. ಇಬ್ಬರು ಎಳೆಯುವ ಗರಗಸ ಮಲೆನಾಡಿಗೂ ಹಳೆಯ ಪರಿಚಯ. ಅದರ ಎರಡೂ ತುದಿಗಳು ಮನುಷ್ಯರ ಹಿಡಿತದಲ್ಲಿರುತ್ತಿದ್ದವು. ಇಬ್ಬರಾಳಿನ ಸರಪಳಿ ಗರಗಸಗಳಲ್ಲಿಯೂ ಪಟ್ಟಿಯ ಮೂತಿಗೆ ಪ್ರತ್ಯೇಕ ಹಿಡಿಯಿದ್ದು, ಸಹಾಯಕ ಅದನ್ನು ಹಿಡಿಯುತ್ತಿದ್ದನು. ಅವನು ನಿರ್ಗಮಿಸಿದ ಮೇಲೆ ಮೂತಿ ಯಾರ ಹಿಡಿತದಲ್ಲಿಯೂ ಉಳಿಯಲಿಲ್ಲ.

ದಿಮ್ಮಿಯ ವ್ಯಾಸ ಪಟ್ಟಿಯ ಉದ್ದಕ್ಕಿಂತ ಹೆಚ್ಚಾದಾಗ ಇದರ ಪರಿಣಾಮ ಎದ್ದುಕಾಣುತ್ತದೆ. ಎರಡೂ ಪಾರ್ಶ್ವಗಳಿಂದ ಕೊಯ್ದರೆ ಪಟ್ಟಿಯ ಉದ್ದದ ಇಮ್ಮಡಿಗೆ ಸಮೀಪದ ದಪ್ಪವನ್ನೂ ತುಂಡರಿಸಬಹುದು. ಆದರೆ ಅಂಥ ಕೊಯ್ತದಲ್ಲಿ ಮೂತಿ ಮರದೊಳಗೆ, ಕಣ್ಣಿಗೆ ಕಾಣದಂತೆ ಚಲಿಸುತ್ತದೆ. ಮೂತಿಯ ಮೇಲರ್ಧ ಮರಕ್ಕೆ ತಗುಲಿದರೆ ಗರಗಸ ಕ್ಷಣಾರ್ಧದಲ್ಲಿ ಕೆಲಸಗಾರನ ಮುಖದ ಕಡೆಗೆ ಚಿಮ್ಮುತ್ತದೆ. ಆದುದರಿಂದಲೇ ನುರಿತವರು ಮೂತಿಯ ಕೆಳಭಾಗದಿಂದ ಕೊಯ್ತವನ್ನು ಆರಂಭಿಸಿ, ಎರಡನೆಯ ಪಾರ್ಶ್ವದ ಗೆರೆಯನ್ನು ಮೊದಲನೆಯದಕ್ಕೆ ನೇರವಾಗಿ ಹೊಂದಿಸುತ್ತಾರೆ. ಇನ್ನೊಂದು ಅಪಾಯ ದಿಮ್ಮಿಯ ಭಾರದ್ದು. ಎರಡೂ ತುದಿ ಆಸರೆಯ ಮೇಲಿದ್ದರೆ ದಿಮ್ಮಿಯ ಮೇಲ್ಭಾಗ ಒತ್ತಲ್ಪಟ್ಟು ತಳಭಾಗ ಬಿಗಿದಿರುತ್ತದೆ; ಪೂರ್ಣವಾಗಿ ಮೇಲಿನಿಂದಲೇ ಕೊಯ್ದರೆ ಸೀಳು ಮುಚ್ಚಿಕೊಂಡು ಪಟ್ಟಿ ಸಿಕ್ಕಿಬೀಳುತ್ತದೆ. ಮೇಲಿನಿಂದ ಸ್ವಲ್ಪ ಕೊಯ್ದು, ಉಳಿದುದನ್ನು ಕೆಳಗಿನಿಂದ ಮುಗಿಸುವ ಕ್ರಮ ಇದರಿಂದ ರೂಢಿಗೆ ಬಂದಿತು. ಕೈಗರಗಸದ ಕಾಲದ ಬೆಣೆಯೂ ಕೈಬಿಟ್ಟುಹೋಗಲಿಲ್ಲ. ಕಬ್ಬಿಣದ ಬೆಣೆ ಸರಪಳಿಯ ಹಲ್ಲು ಕೆಡಿಸುವುದರಿಂದ ಮರದ, ಪ್ಲಾಸ್ಟಿಕ್ಕಿನ ಬೆಣೆಗಳು ಬಳಕೆಗೆ ಬಂದವು.

ಯಂತ್ರ ತಯಾರಕರ ಪರಿಹಾರ ತಡವಾಗಿ ಬಂದಿತೆಂದೇ ಹೇಳಬೇಕು. ಕಂಪನವನ್ನು ತಗ್ಗಿಸುವ ಹಿಡಿಗಳು 1960ರ ದಶಕದಲ್ಲಿ, ಸರಪಳಿ ತಡೆ 1970ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ಬಂದವು. ಒಬ್ಬಾಳಿನ ಗರಗಸ ಕಾಡಿಗಿಳಿದು ಆಗಲೇ ಎರಡು ದಶಕಗಳಾಗಿದ್ದವು. ಈ ತಡೆಯಾದರೂ ಮೂತಿ ಚಿಮ್ಮುವುದನ್ನು ನಿವಾರಿಸುವುದಿಲ್ಲ. ಚಿಮ್ಮಿದ ಗರಗಸದ ಸರಪಳಿಯನ್ನು ನಿಲ್ಲಿಸುತ್ತದೆ, ಅಷ್ಟೆ.