ಗಡಸು ಉಕ್ಕಿಗೆ ಥ್ರೆಡ್: ಟ್ಯಾಪ್ ನಡೆದು ಬಂದ ದಾರಿ

ಲೇತ್‌ನಲ್ಲಿ ಉಕ್ಕು ಗಡಸಾಗಿದೆ ಎನಿಸಿದರೆ ಫೀಡ್ ಇಳಿಸಬಹುದು. ಟ್ಯಾಪ್‌ಗೆ ಆ ಅವಕಾಶವಿಲ್ಲ. ಒಂದು ಸುತ್ತಿಗೆ ಒಂದು ಪಿಚ್ ಮುಂದೆ ಹೋಗಲೇಬೇಕು. ಹಲವು ಹಲ್ಲುಗಳು ಒಟ್ಟಿಗೆ ಕಚ್ಚುತ್ತವೆ. ಚಿಪ್ ಹೊರಬೀಳಲು ಫ್ಲೂಟ್ ಬೇಕು. ಫ್ಲೂಟ್ ಆಳವಾದಷ್ಟೂ ಟ್ಯಾಪಿನ ನಡು ಸಣ್ಣದಾಗುತ್ತದೆ. ಹೀಗಾಗಿ ಗಡಸು ಉಕ್ಕಿನ ಟ್ಯಾಪಿಂಗ್ ಎರಡು ದಿಕ್ಕಿನಲ್ಲಿ ಬೆಳೆದಿದೆ: ಒಂದು, ಟ್ಯಾಪನ್ನು ಗಡಸಾಗಿಸುವುದು, ಇನ್ನೊಂದು, ಅದರ ಮೇಲಿನ ಹೊರೆ ಇಳಿಸುವುದು. ಹೆಸರು ಬಂದದ್ದು ಮೊದಲನೆಯದಕ್ಕೆ. ಟ್ಯಾಪ್ ಮುರಿಯದಂತೆ ಕಾಯ್ದದ್ದು ಹೆಚ್ಚಾಗಿ ಎರಡನೆಯದು.

1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 55 ಡಿಗ್ರಿ ಕೋನದ ಥ್ರೆಡ್ಡನ್ನು, 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯದನ್ನು ಮುಂದಿಟ್ಟರು. ಅಳತೆ ಒಂದಾದ ಮೇಲೆ ಟ್ಯಾಪ್ ಅಂಗಡಿಯಲ್ಲಿ ಸಿಗುವ ಸರಕಾಯಿತು. ಆದರೆ ಅಂದಿನ ಕಾರ್ಬನ್ ಸ್ಟೀಲ್ ಟ್ಯಾಪ್ 250 ಡಿಗ್ರಿ ಸೆಲ್ಸಿಯಸ್ ದಾಟುವ ಮೊದಲೇ ಹದ ಕಳೆದುಕೊಳ್ಳುತ್ತಿತ್ತು. ಹಾಗಾಗಿ ಉಕ್ಕು ಮೆತ್ತಗಿರುವಾಗಲೇ ಥ್ರೆಡ್ ಹೊಡೆದು, ಆಮೇಲೆ ಹಾರ್ಡನಿಂಗ್ ಮಾಡುವುದು ರೂಢಿ. ಸಾಧ್ಯವಿದ್ದಲ್ಲಿ ಇಂದಿಗೂ ಅದೇ ಸರಿಯಾದ ಕ್ರಮ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಅವರ ಹೈಸ್ಪೀಡ್ ಸ್ಟೀಲ್ (ಎಚ್‌ಎಸ್‌ಎಸ್) ಎಲ್ಲರ ಕಣ್ಣು ಸೆಳೆಯಿತು. ಸುಮಾರು 600 ಡಿಗ್ರಿ ಬಿಸಿಯಲ್ಲೂ ಅದರ ಅಂಚು ನಿಲ್ಲುತ್ತಿತ್ತು. ಮುಂದೆ ಮಾಲಿಬ್ಡಿನಂ ಬೆರೆತ ಎಂ2, ಶೇ. 5 ಕೋಬಾಲ್ಟ್‌ನ ಎಂ35, ಶೇ. 8ರ ಎಂ42 ಬಂದವು. ಆದರೂ ಸಾಮಾನ್ಯ ಎಚ್‌ಎಸ್‌ಎಸ್ ಟ್ಯಾಪಿನ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 63ರಿಂದ 66 (ಎಚ್‌ಆರ್‌ಸಿ). 30ರ ಆಸುಪಾಸಿನ ಇಎನ್24 ಉಕ್ಕು ಅದಕ್ಕೆ ಮಣಿಯುತ್ತದೆ. 45 ದಾಟಿದರೆ ತಿಣುಕಾಟ. 60ಕ್ಕೆ ಹಾರ್ಡನ್ ಆದ ಡಿ2 ಉಕ್ಕಿನ ಮುಂದೆ ಅದು ಸೋತಂತೆಯೇ. 1970ರ ದಶಕದ ಪೌಡರ್ ಮೆಟಲರ್ಜಿ ಉಕ್ಕಿನಲ್ಲಿ ಕಾರ್ಬೈಡ್ ಕಣಗಳು ಸಮನಾಗಿ ಹರಡಿದ್ದರಿಂದ ಅಂಚು ಸಿಡಿಯುವುದು ತಗ್ಗಿತು. ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಲೇಪನ ಸವೆತವನ್ನೂ ಘರ್ಷಣೆಯನ್ನೂ ಇಳಿಸಿತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಟಂಗ್‌ಸ್ಟನ್ ಕಾರ್ಬೈಡ್‌ನಿಂದ ಮಾಡಿದ ಟ್ಯಾಪ್ ಈಗ 60 ಎಚ್‌ಆರ್‌ಸಿಯನ್ನೂ ಕೊರೆಯಬಲ್ಲದು. ಆದರೆ ಅದು ಬಲು ಪೆಡಸು. ಕೂದಲೆಳೆಯಷ್ಟು ಓರೆಯಾದರೂ ಮುರಿಯುತ್ತದೆ. ಕೈಯಲ್ಲಿ ಟ್ಯಾಪ್ ಹ್ಯಾಂಡಲ್ ಹಿಡಿದು ಬಳಸುವಂಥದ್ದಲ್ಲ.

ಹೊರೆ ಇಳಿಸುವ ಜಾಣ್ಮೆಗೆ ಹಳೆಯ ಉದಾಹರಣೆ ಮೂರರ ಹ್ಯಾಂಡ್ ಟ್ಯಾಪ್ ಸೆಟ್: ಕೊರೆತವನ್ನು ಮೂರು ಟ್ಯಾಪ್‌ಗಳು ಹಂಚಿಕೊಳ್ಳುತ್ತವೆ. ಆರ್‌ಪಾರ್ ರಂಧ್ರಕ್ಕೆ ಚಿಪ್ಪನ್ನು ಮುಂದೆ ತಳ್ಳುವ ಗನ್ ಟ್ಯಾಪ್, ಬ್ಲೈಂಡ್ ಹೋಲ್‌ಗೆ ಮೇಲೆತ್ತುವ ಸ್ಪೈರಲ್ ಫ್ಲೂಟ್ ಟ್ಯಾಪ್ ಆಮೇಲೆ ಬಂದವು. ಹಾರ್ಡನ್ ಆದ ಉಕ್ಕಿನ ಚಿಪ್ ತುಂಡುತುಂಡಾಗಿ ಬರುವುದರಿಂದ, ನಡು ಗಟ್ಟಿಯಿರುವ ನೇರ ಫ್ಲೂಟಿನದೇ ಅಲ್ಲಿ ಮೇಲುಗೈ. ಲೋಹವನ್ನು ಕೊರೆಯದೆ ಒತ್ತಿ ಥ್ರೆಡ್ ಮೂಡಿಸುವ ಫಾರ್ಮಿಂಗ್ ಟ್ಯಾಪ್ ಇಲ್ಲಿ ಕೆಲಸಕ್ಕೆ ಬಾರದು.

ಕಾಸು ಖರ್ಚಿಲ್ಲದ ಉಪಾಯ ಡ್ರಿಲ್ ಅಳತೆಯಲ್ಲಿದೆ. ಎಂ8 ಥ್ರೆಡ್ಡಿಗೆ ಚಾರ್ಟ್ ಹೇಳುವುದು 6.8 ಮಿ.ಮೀ.; ಥ್ರೆಡ್ಡಿನ ಆಳ ಸುಮಾರು ಶೇ. 74. ಡ್ರಿಲ್ 6.9 ಆದರೆ ಶೇ. 68. 6ಎಚ್ ಟಾಲರೆನ್ಸ್‌ನ ಮೇಲ್ಮಿತಿ 6.912 ಆದ್ದರಿಂದ ಡ್ರಿಲ್ ರಂಧ್ರವನ್ನು ದೊಡ್ಡದು ಮಾಡದಿದ್ದರೆ ಗೇಜ್ ಕೂಡ ತಕರಾರು ಮಾಡದು. ಪೂರ್ತಿ ಆಳದ ಥ್ರೆಡ್ ಶೇ. 75ರದ್ದಕ್ಕಿಂತ ಸುಮಾರು ಶೇ. 5ರಷ್ಟೇ ಬಲವಾದದ್ದು, ಬೇಡುವ ಟಾರ್ಕ್ ಮಾತ್ರ ಮೂರು ಪಟ್ಟು ಎಂಬುದು ವರ್ಕ್‌ಶಾಪ್‌ಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಬೋಲ್ಟ್ ಮೆತ್ತಗಿದ್ದು ರಂಧ್ರದ ಉಕ್ಕು ಗಡಸಾಗಿದ್ದರೆ ಮೊದಲು ಸೋಲುವುದು ಬೋಲ್ಟ್. ಹೀಗಿರುವಾಗ ಆಳದ ಹಟ ಯಾಕೆ?

ಸಿಎನ್‌ಸಿ ಬಂದು ಸ್ಪಿಂಡಲ್ ಸುತ್ತನ್ನೂ ಫೀಡನ್ನೂ ಒಂದೇ ತಾಳಕ್ಕೆ ಕಟ್ಟಿತು; ಅದೇ ರಿಜಿಡ್ ಟ್ಯಾಪಿಂಗ್. ಅದಕ್ಕಿಂತ ದೊಡ್ಡ ಬದಲಾವಣೆ ಥ್ರೆಡ್ ಮಿಲ್. ರಂಧ್ರಕ್ಕಿಂತ ಸಣ್ಣ ಕಟರ್ ಸುರುಳಿಯಾಗಿ ಸುತ್ತುತ್ತಾ ಥ್ರೆಡ್ ಬಿಡಿಸುತ್ತದೆ. ಫೀಡ್ ಮತ್ತೆ ಆಪರೇಟರ್ ಕೈಗೆ ಬಂತು. ಕಟರ್ ಮುರಿದರೂ ಸಿಕ್ಕಿಕೊಳ್ಳದೆ ಈಚೆ ಬರುತ್ತದೆ. ಟ್ಯಾಪ್ ಹಾಗಲ್ಲ; ಮುರಿದು ಕೂತ ಟ್ಯಾಪನ್ನು ಕಿಡಿಯಿಂದ ಸುಟ್ಟು ತೆಗೆಯುವ ಅಗತ್ಯವೇ 1940ರ ದಶಕದಲ್ಲಿ ಅಮೆರಿಕದಲ್ಲಿ ಇಡಿಎಂ ಯಂತ್ರಕ್ಕೆ ಒಂದು ಪ್ರೇರಣೆಯಾಗಿತ್ತು.

ಇಂದಿನ ಆಯ್ಕೆ ಹೆಚ್ಚುಕಡಿಮೆ ಹೀಗೆ: 35 ಎಚ್‌ಆರ್‌ಸಿವರೆಗೆ ಒಳ್ಳೆಯ ಎಚ್‌ಎಸ್‌ಎಸ್ ಟ್ಯಾಪ್, 45ರ ತನಕ ಲೇಪನವಿರುವ ಕೋಬಾಲ್ಟ್ ಅಥವಾ ಪೌಡರ್ ಮೆಟಲರ್ಜಿ ಟ್ಯಾಪ್, ನಿಧಾನದ ವೇಗ, ಗಂಧಕ ಬೆರೆತ ಕಟಿಂಗ್ ಆಯಿಲ್, ಅದರಾಚೆಗೆ ಗಟ್ಟಿ ಯಂತ್ರವಿದ್ದರೆ ಕಾರ್ಬೈಡ್ ಟ್ಯಾಪ್, ಇಲ್ಲವೇ ಥ್ರೆಡ್ ಮಿಲ್. ಎಲ್ಲ ಕೆಲಸ ಮುಗಿದ ಡೈ ಬ್ಲಾಕ್‌ನಲ್ಲಿ ಕೊನೆಯ ರಂಧ್ರ ಬಾಕಿಯಿರುವಾಗ ಲೆಕ್ಕ ಹಾಕಬೇಕಾದ್ದು ಟ್ಯಾಪಿನ ಬೆಲೆಯನ್ನಲ್ಲ, ಬ್ಲಾಕಿನ ಬೆಲೆಯನ್ನು.