ಹೊಗೆಯೋ ಚಳಿಯೋ

ಊರು ಬಿಟ್ಟು ಬಂದ ನಾವು ಮೊದಲ ಬಾಡಿಗೆಯ ಕೋಣೆಯನ್ನು ಮರೆಯಲಾರೆವು. ರೈಲು ಕಲ್ಯಾಣ್ ನಿಲ್ದಾಣದಲ್ಲಿ ನಿಂತಾಗಲೆಲ್ಲ ನಮಗೆ ಇನ್ನೊಂದು ಕೋಣೆಯೂ ನೆನಪಾಗುತ್ತದೆ.

ಇದೇ ಕಲ್ಯಾಣದಲ್ಲಿ ಬೆಳೆದ ಆನಂದಿಬಾಯಿ ಜೋಶಿ ಅಂಚೆ ಗುಮಾಸ್ತರೊಬ್ಬರ ಪತ್ನಿ. ಹುಟ್ಟಿದ ಹತ್ತೇ ದಿನಕ್ಕೆ ಕಳೆದುಕೊಂಡ ಮಗುವಿನ ದುಃಖ ಅವರನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತು. 1883ರ ಏಪ್ರಿಲ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಪತಿಯ ಜೊತೆಯಿಲ್ಲದೆ ಕಲ್ಕತ್ತೆಯಲ್ಲಿ ಹಡಗನ್ನೇರಿದರು.

ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಪಾಠಕ್ಕಿಂತ ವಾಸವೇ ಕಠಿಣವಾಯಿತು. ಸೀರೆಯನ್ನಾಗಲಿ ಸಸ್ಯಾಹಾರವನ್ನಾಗಲಿ ಅವರು ಬಿಡಲಿಲ್ಲ. ಕೋಣೆಯ ಅಗ್ಗಿಷ್ಟಿಕೆ ಹೊತ್ತಿಸಿದರೆ ಉಸಿರುಗಟ್ಟಿಸುವ ಹೊಗೆ, ಹೊತ್ತಿಸದಿದ್ದರೆ ಕೊರೆಯುವ ಚಳಿ. ಮೊದಲೇ ಸೊರಗಿದ್ದ ದೇಹವನ್ನು ಕ್ಷಯ ಹಿಡಿಯಿತು. ನ್ಯೂಜೆರ್ಸಿಯ ರೋಸೆಲ್‌ನಲ್ಲಿದ್ದ ಥಿಯೊಡೋಶಿಯಾ ಕಾರ್ಪೆಂಟರ್ ಅವರ ಮನೆಯೊಂದೇ ತವರಾಯಿತು.

1886ರ ಮಾರ್ಚ್ 11ರಂದು ಪದವಿ ಕೈಸೇರಿತು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹುದ್ದೆಯೂ ಕಾದಿತ್ತು. ಆದರೆ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಅವರು ತೀರಿಕೊಂಡರು; ಇಪ್ಪತ್ತೆರಡು ಇನ್ನೂ ತುಂಬಿರಲಿಲ್ಲ.

ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಆ ಕುಟುಂಬದ ಸಮಾಧಿಗಳ ನಡುವೆ ಅದನ್ನು ಇರಿಸಿದರು. ನಮ್ಮೂರು ಯಾವುದೆಂದು ಯಾರಾದರೂ ಕೇಳಿದಾಗ ನಾವು ಉತ್ತರಕ್ಕೆ ತಡವರಿಸುತ್ತೇವೆ. ಆಗ ನೆನಪಾಗುವುದು ಆ ಸಮಾಧಿ.